ರಾಕೆಟ್ ಉಪ್ಪು ತಿಂದ ಮರಳು

ಇವತ್ತಿನ ಕಂತು ಒಂದು ಉಪ್ಪಿನ ಬಗ್ಗೆ. ಅಡುಗೆಮನೆ ಉಪ್ಪಲ್ಲ, ರಾಕೆಟ್ ಉಪ್ಪು. ಹೆಸರು ಅಮೋನಿಯಂ ಪರ್‌ಕ್ಲೋರೇಟ್. ಅಮೆರಿಕದ ಸ್ಪೇಸ್ ಶಟಲ್ ಪಕ್ಕದಲ್ಲಿ ಎರಡು ಬಿಳಿ ಕಂಬಗಳ ಹಾಗೆ ಬೂಸ್ಟರ್‌ಗಳು ನಿಂತಿರ್ತಿದ್ದವಲ್ಲ, ಅದರೊಳಗಿನ ಘನ ಇಂಧನದ ತೂಕದಲ್ಲಿ ಸುಮಾರು ಶೇ 70ರಷ್ಟು ಇದೇ ಬಿಳಿ ಪುಡಿ. ನಮ್ಮ ಪಿಎಸ್‌ಎಲ್‌ವಿಯ ಮೊದಲ ಹಂತದಲ್ಲೂ ಇದೇ ಉರಿಯೋದು. ಆಕಾಶದಲ್ಲಿ ಗಾಳಿ ಇಲ್ಲ, ಹಾಗಾಗಿ ಇಂಧನ ಉರಿಯೋಕೆ ಬೇಕಾದ ಆಮ್ಲಜನಕವನ್ನು ರಾಕೆಟ್ ತಾನೇ ಹೊತ್ತೊಯ್ಯಬೇಕು. ಒಂದು ಕ್ಲೋರಿನ್ ಪರಮಾಣುವಿಗೆ ನಾಲ್ಕು ಆಮ್ಲಜನಕ ಅಂಟಿಸಿಕೊಂಡಿರುವ ಪರ್‌ಕ್ಲೋರೇಟ್ ಆ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಈ ಉಪ್ಪು ಒಂದು ನದಿಗೆ ಸೇರಿತು. ಅದನ್ನು ತೆಗೆಯೋಕೆ ಕೊನೆಗೆ ಬಂದದ್ದು ಮರಳು ಕುಣಿಸುವ ಒಂದು ಯಂತ್ರ ಮತ್ತು ಬ್ಯಾಕ್ಟೀರಿಯಾ. ಅದರ ಬಿಲ್ಲು ಯಾರು ಕಟ್ಟಬೇಕು ಅನ್ನೋ ಜಗಳ ನ್ಯೂಯಾರ್ಕಿನ ಕೋರ್ಟಿಗೆ ಹೋಯಿತು. ನಾನು ಓದಿದ್ದು ಬಿಕಾಂ, ಹಾಗಾಗಿ ಈ ಕಥೆಗೆ ನನ್ನನ್ನು ಎಳೆದು ತಂದಿದ್ದು ಬಿಲ್ಲೇ. ಆದರೆ ಯಂತ್ರ ಅರ್ಥ ಆಗದೆ ಬಿಲ್ಲು ಅರ್ಥ ಆಗಲ್ಲ. ಅದಕ್ಕೆ ಮೊದಲಿಂದ ಶುರು ಮಾಡೋಣ.

ಜಾಗ: ಅಮೆರಿಕದ ನೆವಾಡಾ ರಾಜ್ಯದ ಹೆಂಡರ್ಸನ್. ಲಾಸ್ ವೇಗಸ್‌ಗೆ ಅಂಟಿಕೊಂಡಿರುವ ಊರು. ಜೂಜು, ದೀಪ, ಹೋಟೆಲ್ಲು ಅಂತ ನಮಗೆ ಗೊತ್ತಿರುವ ವೇಗಸ್ ಅಲ್ಲ ಇದು. ಕಾರ್ಖಾನೆ ಕಟ್ಟಿದ ಊರು. ಎರಡನೇ ಮಹಾಯುದ್ಧದ ಹೊತ್ತಿಗೆ, 1941-42ರಲ್ಲಿ, ವಿಮಾನದ ಭಾಗಗಳಿಗೆ ಮತ್ತು ಬೆಂಕಿ ಬಾಂಬುಗಳಿಗೆ ಮೆಗ್ನೀಸಿಯಂ ಬೇಕಾಗಿತ್ತು. ಹೂವರ್ ಡ್ಯಾಮಿನ ವಿದ್ಯುತ್ತು ಹತ್ತಿರದಲ್ಲೇ ಇತ್ತು. ಮರುಭೂಮಿಯಲ್ಲಿ ಬೇಸಿಕ್ ಮೆಗ್ನೀಸಿಯಂ ಅನ್ನೋ ದೊಡ್ಡ ಕಾರ್ಖಾನೆ ಎದ್ದಿತು, ಕೆಲಸಗಾರರಿಗೆ ಅಂತ ಮನೆಗಳು ಎದ್ದವು, ಅದೇ ಮುಂದೆ ಹೆಂಡರ್ಸನ್ ಆಯಿತು. ಯುದ್ಧ ಮುಗಿಯುವ ಹೊತ್ತಿಗೆ ಅದೇ ಆವರಣದಲ್ಲಿ ಪರ್‌ಕ್ಲೋರೇಟ್ ತಯಾರಿ ಶುರುವಾಯಿತು. ಕೈ ಬದಲಾಗುತ್ತಾ ಬದಲಾಗುತ್ತಾ 1967ರಲ್ಲಿ ಅದು ಕೆರ್-ಮೆಗೀ ಅನ್ನೋ ತೈಲ ಕಂಪನಿಗೆ ಸೇರಿತು. ಅಷ್ಟೇನೂ ದೂರವಿಲ್ಲದ ಇನ್ನೊಂದು ಜಾಗದಲ್ಲಿ ಪೆಪ್ಕಾನ್ ಅನ್ನೋ ಕಂಪನಿಯೂ ಇದೇ ಉಪ್ಪು ಮಾಡುತ್ತಿತ್ತು. 1980ರ ದಶಕದಲ್ಲಿ ಇಡೀ ಅಮೆರಿಕಕ್ಕೆ ಅಮೋನಿಯಂ ಪರ್‌ಕ್ಲೋರೇಟ್ ಕೊಡುತ್ತಿದ್ದವರು ಇವರಿಬ್ಬರೇ.

1986ರ ಜನವರಿ 28. ಚಾಲೆಂಜರ್ ಶಟಲ್ ಆಕಾಶದಲ್ಲೇ ಛಿದ್ರವಾಯಿತು. ಶಟಲ್ ಹಾರಾಟ ನಿಂತಿತು. ಆದರೆ ಉಪ್ಪಿನ ತಯಾರಿ ನಿಲ್ಲಲಿಲ್ಲ. ಸ್ಟಾಕ್ ಏರುತ್ತಾ ಹೋಯಿತು. ಪೆಪ್ಕಾನ್ ಆವರಣದಲ್ಲಿ ಸುಮಾರು 4,000 ಟನ್ ಕೂಡಿಬಿತ್ತು. 1988ರ ಮೇ 4ರಂದು ಅಲ್ಲಿ ಬೆಂಕಿ ಹತ್ತಿಕೊಂಡು, ಒಂದರ ಹಿಂದೊಂದು ಸ್ಫೋಟ. ಇಬ್ಬರು ಸತ್ತರು, ಮುನ್ನೂರಕ್ಕೂ ಹೆಚ್ಚು ಜನರಿಗೆ ಗಾಯ. ಭೂಕಂಪ ಅಳೆಯುವ ಯಂತ್ರಗಳಲ್ಲಿ ಅದು ಸುಮಾರು 3.5ರ ಕಂಪನವಾಗಿ ದಾಖಲಾಯಿತು. ಪಕ್ಕದಲ್ಲಿದ್ದ ಮಾರ್ಷ್‌ಮ್ಯಾಲೋ ಮಿಠಾಯಿ ಕಾರ್ಖಾನೆಯೂ ನೆಲಸಮ. ದೂರದ ಬೆಟ್ಟದಿಂದ ತೆಗೆದ ವಿಡಿಯೊ ಇವತ್ತಿಗೂ ನೋಡಬಹುದು. ಆಘಾತದ ಅಲೆ ಮರುಭೂಮಿಯ ನೆಲದ ಮೇಲೆ ಓಡಿ ಬರೋದು ಕಣ್ಣಿಗೇ ಕಾಣುತ್ತೆ.

ಎಲ್ಲರಿಗೂ ನೆನಪಿರೋದು ಈ ಸ್ಫೋಟ. ನನ್ನ ಪ್ರಕಾರ ಹೆಂಡರ್ಸನ್‌ನ ದೊಡ್ಡ ಅವಘಡ ಇದಲ್ಲ. ದೊಡ್ಡದು ಸದ್ದೇ ಮಾಡದೆ ನಡೀತಾ ಇತ್ತು, ನೆಲದ ಕೆಳಗೆ.

ಪರ್‌ಕ್ಲೋರೇಟ್‌ನ ಸ್ವಭಾವ ವಿಚಿತ್ರ. ಬಿಸಿಯಾದರೆ ಸಿಡಿಯುತ್ತೆ. ನೀರಲ್ಲಿ ಕರಗಿದರೆ ಮಹಾ ಸೋಮಾರಿ. ಯಾವುದರ ಜೊತೆಗೂ ಬೆರೆಯಲ್ಲ, ಮಣ್ಣಿಗೆ ಅಂಟಲ್ಲ, ಆವಿಯಾಗಿ ಹೋಗಲ್ಲ. ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಕಾರ್ಖಾನೆಯ ತೊಟ್ಟಿಗಳಿಂದ, ತಳಕ್ಕೆ ಏನೂ ಹಾಸದ ಹೊಂಡಗಳಿಂದ ದಶಕಗಟ್ಟಲೆ ಸೋರಿದ ಈ ಉಪ್ಪು ಅಂತರ್ಜಲಕ್ಕೆ ಇಳಿಯಿತು. ಅಂತರ್ಜಲ ಉತ್ತರಕ್ಕೆ ಹರಿದು ಲಾಸ್ ವೇಗಸ್ ವಾಷ್ ಅನ್ನೋ ಹಳ್ಳದ ದಂಡೆಯಲ್ಲಿ ಜಿನುಗಿತು. ಹಳ್ಳ ಮೀಡ್ ಸರೋವರಕ್ಕೆ ಸೇರುತ್ತೆ. ಮೀಡ್ ಅಂದರೆ ಹೂವರ್ ಡ್ಯಾಮಿನ ಹಿನ್ನೀರು, ಅಂದರೆ ಕೊಲರಾಡೋ ನದಿ. ಲಾಸ್ ವೇಗಸ್, ಅರಿಜೋನಾ, ಲಾಸ್ ಏಂಜಲೀಸ್ ಸೇರಿದ ದಕ್ಷಿಣ ಕ್ಯಾಲಿಫೋರ್ನಿಯಾ, ಎಲ್ಲ ಸೇರಿ ಕೋಟಿಗಟ್ಟಲೆ ಜನ ಕುಡಿಯುವ ನೀರು.

ಇದು ಗೊತ್ತಾಗಿದ್ದು 1997ರಲ್ಲಿ. ಅಲ್ಲಿಯವರೆಗೆ ಯಾಕೆ ಗೊತ್ತಾಗಲಿಲ್ಲ ಅಂತೀರಾ? ಅಳೆಯುವ ಕೋಲೇ ಇರಲಿಲ್ಲ. ಹಳೆಯ ಪರೀಕ್ಷಾ ವಿಧಾನಕ್ಕೆ ನೂರು ಕೋಟಿಯಲ್ಲಿ 400 ಪಾಲಿಗಿಂತ ಕಡಿಮೆ ಇದ್ದರೆ ಪರ್‌ಕ್ಲೋರೇಟ್ ಕಾಣುತ್ತಿರಲಿಲ್ಲ. ಈ ನೂರು ಕೋಟಿಯಲ್ಲಿ ಒಂದು ಪಾಲು ಅನ್ನೋದನ್ನ ಪಿಪಿಬಿ ಅಂತಾರೆ, ಮುಂದೆ ಅದನ್ನೇ ಹೇಳ್ತೀನಿ. ಕ್ಯಾಲಿಫೋರ್ನಿಯಾದ ಆರೋಗ್ಯ ಇಲಾಖೆ 1997ರಲ್ಲಿ 4 ಪಿಪಿಬಿವರೆಗೂ ಕಾಣುವ ವಿಧಾನ ಮಾಡಿತು. ಮಾಡಿದ್ದೇ ತಡ, ಬಾವಿಗಳಲ್ಲಿ, ನದಿಯಲ್ಲಿ, ನಲ್ಲಿಯಲ್ಲಿ ಎಲ್ಲೆಂದರಲ್ಲಿ ಕಂಡಿತು. ನದಿಯ ಗುಂಟ ಮೇಲಕ್ಕೆ ಹುಡುಕುತ್ತಾ ಹೋದವರು ಬಂದು ನಿಂತಿದ್ದು ಹೆಂಡರ್ಸನ್‌ನಲ್ಲಿ. ಕಾರ್ಖಾನೆಯ ಅಡಿಯ ಅಂತರ್ಜಲದಲ್ಲಿ ಲೆಕ್ಕ ಪಿಪಿಬಿಯಲ್ಲಿ ಇರಲಿಲ್ಲ, ಲೀಟರಿಗೆ ಗ್ರಾಂಗಳಲ್ಲಿತ್ತು.

ಇದರಿಂದ ಏನು ತೊಂದರೆ? ನಮ್ಮ ಕುತ್ತಿಗೆಯ ಥೈರಾಯ್ಡ್ ಗ್ರಂಥಿ ರಕ್ತದಿಂದ ಅಯೋಡಿನ್ ಎಳೆದುಕೊಳ್ಳುತ್ತೆ. ಎಳೆದುಕೊಳ್ಳುವ ಬಾಗಿಲಲ್ಲಿ ಪರ್‌ಕ್ಲೋರೇಟ್ ಹೋಗಿ ಅಡ್ಡ ನಿಲ್ಲುತ್ತೆ. 1950ರ ದಶಕದಲ್ಲಿ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವವರಿಗೆ ಇದನ್ನೇ ಔಷಧಿಯಾಗಿ ಕೊಡುತ್ತಿದ್ದರು. ಆದರೆ ಗರ್ಭಿಣಿಗೆ, ಹೊಟ್ಟೆಯಲ್ಲಿರುವ ಮಗುವಿಗೆ, ಎಳೆಗೂಸಿಗೆ ಥೈರಾಯ್ಡ್ ಹಾರ್ಮೋನು ಕಡಿಮೆಯಾಗುವ ಹಾಗಿಲ್ಲ. ಮೆದುಳು ಬೆಳೆಯೋದೇ ಅದರ ಮೇಲೆ. ಮೊದಲೇ ಅಯೋಡಿನ್ ಕೊರತೆ ಇರುವ ತಾಯಿಯಾದರೆ ಇನ್ನೂ ಕಷ್ಟ. ಎಷ್ಟು ಪ್ರಮಾಣದಿಂದ ಹಾನಿ ಶುರು ಅನ್ನೋದರ ಮೇಲೆ ಅಲ್ಲಿ ವಿಜ್ಞಾನಿಗಳು, ಸೇನೆ, ಕಂಪನಿಗಳು ವರ್ಷಗಟ್ಟಲೆ ಗುದ್ದಾಡಿದ್ದಾರೆ.

ಸರಿ, ನೀರಿನಿಂದ ಇದನ್ನು ತೆಗೆಯೋದು ಹೇಗೆ? ಕುದಿಸಿದರೆ ಹೋಗಲ್ಲ, ಕ್ಲೋರಿನ್ ಹಾಕಿದರೆ ಹೋಗಲ್ಲ, ಮರಳಲ್ಲಿ ಸೋಸಿದರೂ ಹೋಗಲ್ಲ. ಕೆರ್-ಮೆಗೀ 1998ರಲ್ಲಿ ಪರ್‌ಕ್ಲೋರೇಟ್ ವ್ಯಾಪಾರ ಬಿಟ್ಟಿತು. ಕೊಂಡವರು ಯಾರು ಗೊತ್ತಾ? ಪೆಪ್ಕಾನ್‌ನ ಮಾತೃಸಂಸ್ಥೆ. 1999ರ ಕೊನೆಯಲ್ಲಿ ಕೆರ್-ಮೆಗೀ ಜಿನುಗುವ ನೀರನ್ನು ಹಿಡಿದು ಅಯಾನ್ ವಿನಿಮಯದ ರಾಳದ ಮೂಲಕ ಹಾಯಿಸಲು ಶುರು ಮಾಡಿತು. ಈ ರಾಳ ಪರ್‌ಕ್ಲೋರೇಟನ್ನು ಹಿಡಿದುಕೊಳ್ಳುತ್ತೆ, ಸರಿ. ಆದರೆ ನಾಶ ಮಾಡಲ್ಲ. ನೀರಲ್ಲಿದ್ದ ವಿಷ ರಾಳಕ್ಕೆ ಬಂತು, ರಾಳವನ್ನು ಏನು ಮಾಡೋದು? ಲೆಡ್ಜರಿನಲ್ಲಿ ಒಂದು ಕಾಲಮ್ಮಿನಿಂದ ಇನ್ನೊಂದಕ್ಕೆ ಎತ್ತಿ ಬರೆದ ಹಾಗೆ. ಮೊತ್ತ ಹಾಗೇ ಇರುತ್ತೆ.

ಇಲ್ಲಿಗೆ ನಮ್ಮ ಯಂತ್ರ ಬರುತ್ತೆ. ಇಂಗ್ಲಿಷಿನಲ್ಲಿ ಹೆಸರು ಫ್ಲೂಯಿಡೈಸ್ಡ್ ಬೆಡ್ ಬಯೋರಿಯಾಕ್ಟರ್. ನಾನು ಕುಣಿಯುವ ಮರಳು ಅಂತಲೇ ಕರೀತೀನಿ.

ಒಂದು ಎತ್ತರದ ಕೊಳವೆ ತಗೊಳ್ಳಿ, ಅರ್ಧ ಮರಳು ತುಂಬಿ, ಕೆಳಗಿನಿಂದ ಮೇಲಕ್ಕೆ ನೀರು ಬಿಡಿ. ನಿಧಾನಕ್ಕೆ ಬಿಟ್ಟರೆ ನೀರು ಸಂದಿಗಳಲ್ಲಿ ನುಸುಳಿ ಮೇಲೆ ಬರುತ್ತೆ, ಮರಳು ಅಲ್ಲಾಡಲ್ಲ. ವೇಗ ಹೆಚ್ಚಿಸ್ತಾ ಹೋಗಿ. ಒಂದು ಹಂತದಲ್ಲಿ ನೀರಿನ ತಳ್ಳುವಿಕೆಯೂ ಮರಳಿನ ತೂಕವೂ ಸಮ ಆಗ್ತವೆ. ಆಗ ಪ್ರತಿ ಕಣವೂ ಪಕ್ಕದ ಕಣದ ಕೈ ಬಿಟ್ಟು ನೀರಲ್ಲಿ ತೇಲುತ್ತೆ. ಪಾತ್ರೆಯಲ್ಲಿ ಅನ್ನ ಕುದಿಯುವಾಗ ಅಗುಳುಗಳು ಮೇಲೆ ಕೆಳಗೆ ಆಡ್ತಿರುತ್ತಲ್ಲ, ಹಾಗೆ. ಹೊರಗಿನಿಂದ ನೋಡಿದರೆ ಮರಳೇ ದ್ರವ ಆದಂತೆ ಕಾಣುತ್ತೆ.

ಇದನ್ನು ಕೈಗಾರಿಕೆಗೆ ತಂದವರು ಜರ್ಮನಿಯ ಫ್ರಿಟ್ಜ್ ವಿಂಕ್ಲರ್. ಅವರು ಕುಣಿಸಿದ್ದು ಕಲ್ಲಿದ್ದಲ ಪುಡಿ, ನೀರಿನ ಬದಲು ಅನಿಲದಲ್ಲಿ. ಪೇಟೆಂಟ್ ಅರ್ಜಿ 1922ರದ್ದು, ಲೂಯ್ನಾದಲ್ಲಿ ದೊಡ್ಡ ಯಂತ್ರ ನಿಂತಿದ್ದು 1926ರಲ್ಲಿ. 1942ರ ಮೇ ತಿಂಗಳಲ್ಲಿ ಅಮೆರಿಕದ ಬ್ಯಾಟನ್ ರೂಜ್‌ನಲ್ಲಿ ಇದೇ ತತ್ವದ ಮೇಲೆ ಕಚ್ಚಾತೈಲ ಒಡೆದು ಪೆಟ್ರೋಲ್ ಮಾಡುವ ಘಟಕ ಚಾಲೂ ಆಯಿತು. ಇವತ್ತಿಗೂ ಜಗತ್ತಿನ ದೊಡ್ಡ ರಿಫೈನರಿಗಳಲ್ಲಿ ಅದರ ಸಂತತಿ ಓಡ್ತಿದೆ. ಇದು ಯಂತ್ರದ ತಂದೆ ಕಡೆಯ ವಂಶ.

ತಾಯಿ ಕಡೆಯ ವಂಶ ಮ್ಯಾಂಚೆಸ್ಟರಿನ ಕೊಳಚೆ ನೀರಿನದು, ಮತ್ತು ಅದರ ಒಂದು ಕೊಂಬೆ ಬೆಂಗಳೂರಿಗೆ ಬರುತ್ತೆ. ಕೊಳಚೆ ತಿನ್ನುವ ಬ್ಯಾಕ್ಟೀರಿಯಾಗಳನ್ನು ಸಾಕೋದಕ್ಕೆ ಹಳೆಯ ದಾರಿ ಎರಡು. ಒಂದು, ಕಲ್ಲುಗಳ ರಾಶಿ ಮಾಡಿ ಅದರ ಮೇಲೆ ಕೊಳಚೆ ನೀರು ಚಿಮುಕಿಸೋದು. ಬಾವಿಕಟ್ಟೆಯ ಕಲ್ಲಿಗೆ ಲೋಳೆ ಕಟ್ಟುತ್ತಲ್ಲ, ಹಾಗೆ ಕಲ್ಲಿನ ಮೇಲೆ ಜೀವಿಗಳ ಪದರ ಕೂರುತ್ತೆ, ಹರಿದು ಹೋಗುವ ನೀರಿನಿಂದ ತನ್ನ ಊಟ ತಾನು ಮಾಡುತ್ತೆ. ಇನ್ನೊಂದು, ತೊಟ್ಟಿಗೆ ಗಾಳಿ ಊದಿ ಬ್ಯಾಕ್ಟೀರಿಯಾಗಳನ್ನು ನೀರಲ್ಲೇ ತೇಲಿಬಿಡೋದು. ಈ ಎರಡನೆಯದನ್ನು 1914ರ ಏಪ್ರಿಲ್ 3ರಂದು ಮ್ಯಾಂಚೆಸ್ಟರಿನ ಸಭೆಯೊಂದರಲ್ಲಿ ಜಗತ್ತಿಗೆ ತಿಳಿಸಿದವರು ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್. ಕೊಳಚೆಗೆ ಬರೀ ಗಾಳಿ ಊದಿದರೆ ಶುದ್ಧವಾಗೋಕೆ ವಾರಗಟ್ಟಲೆ ಹಿಡೀತಿತ್ತು. ಅವರು ತಳದಲ್ಲಿ ಕೂತ ಕೆಸರನ್ನು ಚೆಲ್ಲದೆ ಉಳಿಸಿಕೊಂಡು ಹೊಸ ಕೊಳಚೆಗೆ ಬೆರೆಸಿದರು. ಮತ್ತೆ ಮತ್ತೆ ಬೆರೆಸಿದಾಗ ವಾರಗಳ ಕೆಲಸ ಒಂದು ದಿನದೊಳಗೆ ಮುಗೀತಾ ಬಂತು. ನಾವು ಹೆಪ್ಪು ಉಳಿಸಿಕೊಂಡು ನಾಳೆಯ ಹಾಲಿಗೆ ಹಾಕಲ್ವಾ, ಹಾಗೇ.

ಅವರಿಬ್ಬರ ಹಿಂದಿದ್ದ ಗುರು ಗಿಲ್ಬರ್ಟ್ ಫೌಲರ್. 1912ರಲ್ಲಿ ಅಮೆರಿಕದ ಲಾರೆನ್ಸ್ ಪ್ರಯೋಗ ಕೇಂದ್ರ ನೋಡಿ ಬಂದು, ಗಾಳಿ ಊದಿ ನೋಡಿ ಅಂತ ದಾರಿ ತೋರಿಸಿದವರು ಅವರು. 1916ರಲ್ಲಿ ಈ ಫೌಲರ್ ಹಡಗು ಹತ್ತಿ ಬಂದಿದ್ದು ನಮ್ಮ ಬೆಂಗಳೂರಿಗೆ, ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದರೆ ಐಐಎಸ್‌ಸಿಗೆ, ಪ್ರೊಫೆಸರ್ ಆಗಿ. ಅಲ್ಲಿ ಜೀವರಸಾಯನ ವಿಭಾಗ ಹುಟ್ಟಿದ್ದೇ ಅವರ ಕಾಲದಲ್ಲಿ. ಮಲ್ಲೇಶ್ವರದ ಆಚೆಗಿನ ಆ ಕ್ಯಾಂಪಸ್ಸಿನಲ್ಲಿ ನೂರು ವರ್ಷದ ಹಿಂದೆ ಕೊಳಚೆ ನೀರಿನ ಮೇಲೆ ಜಗತ್ತಿನ ಹೊಚ್ಚ ಹೊಸ ಪ್ರಯೋಗ ನಡೀತಿತ್ತು. ಬೆಳ್ಳಂದೂರು ಕೆರೆಯ ನೊರೆ ನೋಡಿದ ತಲೆಮಾರಿನವನಾಗಿ ಇದನ್ನು ಓದಿದಾಗ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಇರಲಿ, ಮುಂದೆ ಹೋಗೋಣ.

ಎರಡೂ ದಾರಿಗೆ ಒಂದೊಂದು ಮಿತಿ. ಕಲ್ಲಿನ ಮೇಲಾದರೆ ಜೀವಿಗಳು ಕೊಚ್ಚಿ ಹೋಗಲ್ಲ, ಆದರೆ ಕೂರೋಕೆ ಜಾಗ ಕಡಿಮೆ. ತೇಲಿಬಿಟ್ಟರೆ ಬೇಕಾದಷ್ಟು ಬೆಳೀತವೆ, ಆದರೆ ನೀರಿನ ವೇಗ ಹೆಚ್ಚಿಸಿದರೆ ಹೊರಗೆ ಹರಿದು ಹೋಗ್ತವೆ. ಹಾಗಾದರೆ ಜೀವಿಗಳನ್ನು ಮರಳಿಗೆ ಅಂಟಿಸಿ, ಮರಳನ್ನೇ ತೇಲಿಸಿದರೆ? ಒಂದು ಘನ ಮೀಟರ್ ಜಾಗದಲ್ಲಿ ಮುಷ್ಟಿಗಾತ್ರಕ್ಕಿಂತ ಸ್ವಲ್ಪ ಸಣ್ಣ, 5 ಸೆಂಟಿಮೀಟರಿನ ಕಲ್ಲು ತುಂಬಿ. ಕಲ್ಲುಗಳ ಒಟ್ಟು ಮೇಲ್ಮೈ ಸುಮಾರು 70 ಚದರ ಮೀಟರ್. ಅಷ್ಟೇ ಜಾಗಕ್ಕೆ ಅರ್ಧ ಮಿಲಿಮೀಟರಿನ ಮರಳು ತುಂಬಿ: ಸುಮಾರು 7,000 ಚದರ ಮೀಟರ್. ಹೆಚ್ಚುಕಡಿಮೆ ಒಂದೂಮುಕ್ಕಾಲು ಎಕರೆ, ಒಂದು ನೀರಿನ ಟ್ಯಾಂಕಿನಷ್ಟು ಜಾಗದಲ್ಲಿ! ಆದರೆ ಮರಳು ಸುಮ್ಮನೆ ಕೂತಿದ್ದರೆ ಲೋಳೆ ಬೆಳೆದು ಕಟ್ಟಿಕೊಳ್ಳುತ್ತೆ. ಕುಣೀತಿದ್ದರೆ ಕಟ್ಟಿಕೊಳ್ಳಲ್ಲ.

1970ರಲ್ಲಿ ಮಿಷಿಗನ್‌ನ ವಾಲ್ಟರ್ ವೆಬರ್ ಮತ್ತು ಜೊತೆಗಾರರು ಕೊಳಚೆ ನೀರನ್ನು ಇದ್ದಿಲ ಕಣಗಳ ಕೊಳವೆಯಲ್ಲಿ ಕೆಳಗಿನಿಂದ ಮೇಲಕ್ಕೆ ಹಾಯಿಸುತ್ತಿದ್ದಾಗ ಇದ್ದಿಲ ಮೇಲೆ ಬ್ಯಾಕ್ಟೀರಿಯಾ ಬೆಳೆದದ್ದನ್ನು, ಅದರಿಂದ ಶುದ್ಧೀಕರಣಕ್ಕೆ ಸಹಾಯವೇ ಆದದ್ದನ್ನು ಗಮನಿಸಿದ್ದರು. ನಂತರ ನ್ಯೂಯಾರ್ಕಿನ ಮ್ಯಾನ್‌ಹಟನ್ ಕಾಲೇಜಿನ ಜಾನ್ ಜೆರಿಸ್ ಇದನ್ನೇ ಮುಖ್ಯ ಕೆಲಸ ಮಾಡಿಕೊಂಡರು. ಲಾಂಗ್ ಐಲ್ಯಾಂಡಿನ ನ್ಯಾಸೋ ಕೌಂಟಿಗೆ ಅಂತರ್ಜಲ ಬಿಟ್ಟರೆ ಬೇರೆ ನೀರಿಲ್ಲ, ಅದರಲ್ಲಿ ನೈಟ್ರೇಟ್ ಏರುತ್ತಿತ್ತು. ಜೆರಿಸ್ ತಂಡ ಅಲ್ಲಿ ಮರಳಿನ ಕೊಳವೆ ನಿಲ್ಲಿಸಿತು. ಬ್ಯಾಕ್ಟೀರಿಯಾಗೆ ಊಟಕ್ಕೆ ಸ್ವಲ್ಪ ಮೆಥನಾಲ್. ಬೇರೆ ವಿಧಾನಗಳಲ್ಲಿ ಗಂಟೆಗಟ್ಟಲೆ ಹಿಡಿಯುತ್ತಿದ್ದ ನೈಟ್ರೇಟ್ ತೆಗೆಯುವ ಕೆಲಸ ಕೆಲವೇ ನಿಮಿಷಗಳಲ್ಲಿ ಮುಗಿಯಿತು. 1974ರಲ್ಲಿ ಪೇಟೆಂಟ್ ಸಿಕ್ಕಿತು. 1980ರಲ್ಲಿ ಈ ಯಂತ್ರಕ್ಕೆಂದೇ ಒಂದು ಸಮ್ಮೇಳನ ನಡೆದದ್ದು ಮತ್ತೆ ಮ್ಯಾಂಚೆಸ್ಟರಿನಲ್ಲೇ.

ಇಷ್ಟು ಒಳ್ಳೆಯ ಯಂತ್ರ ಯಾಕೆ ಊರೂರಿಗೆ ಬರಲಿಲ್ಲ? ಮರಳು ಕುಣಿಸೋಕೆ ಪಂಪು ಹಗಲು ರಾತ್ರಿ ಓಡಬೇಕು, ಕರೆಂಟ್ ಬಿಲ್ಲು. ತಳದಿಂದ ನೀರು ಎಲ್ಲ ಕಡೆ ಒಂದೇ ಸಮ ಬರಬೇಕು, ಇಲ್ಲದಿದ್ದರೆ ಒಂದು ಮೂಲೆ ಕುಣಿಯುತ್ತೆ, ಇನ್ನೊಂದು ಮೂಲೆ ಸಾಯುತ್ತೆ. ಲೋಳೆ ದಪ್ಪ ಆದಷ್ಟೂ ಕಣ ಹಗುರಾಗಿ ಮೇಲೇರುತ್ತೆ, ಕೊನೆಗೆ ಶುದ್ಧ ನೀರಿನ ಜೊತೆ ಆಚೆ ಹೋಗುತ್ತೆ. ಅದನ್ನು ಹಿಡಿದು, ಉಜ್ಜಿ ತೊಳೆದು ವಾಪಸ್ ಹಾಕುವ ಏರ್ಪಾಡು ಬೇಕು. ಎಲ್ಲಕ್ಕಿಂತ ದೊಡ್ಡದು ಆಮ್ಲಜನಕ. ಸಾಮಾನ್ಯ ಕೊಳಚೆ ತಿನ್ನುವ ಬ್ಯಾಕ್ಟೀರಿಯಾಕ್ಕೆ ಅದು ಬೇಕು, ಆದರೆ ಇಷ್ಟು ದಟ್ಟವಾಗಿ ಕೂತವಕ್ಕೆಲ್ಲ ಸಾಕಾಗುವಷ್ಟು ಆಮ್ಲಜನಕವನ್ನು ನೀರಲ್ಲಿ ಕರಗಿಸೋದೇ ಕಷ್ಟ. ಹಾಗಾಗಿ ಊರಿನ ಕೊಳಚೆಗೆ ಸರಳವಾದ ಸಂಬಂಧಿಗಳು ಗೆದ್ದವು. ನಮ್ಮ ಅಪಾರ್ಟ್‌ಮೆಂಟುಗಳ ಎಸ್‌ಟಿಪಿಯಲ್ಲಿ ಚಕ್ರದಂಥ ಪ್ಲಾಸ್ಟಿಕ್ ಬಿಲ್ಲೆಗಳು ತೇಲ್ತಿರುತ್ತಲ್ಲ, ಎಂಬಿಬಿಆರ್ ಅಂತಾರೆ, ನಾರ್ವೆಯಲ್ಲಿ ಹುಟ್ಟಿದ್ದು, ಅದು ಇದರ ತಮ್ಮನ ಹಾಗೆ. ಗಾಳಿ ಶುದ್ಧ ಮಾಡೋಕೂ ಕುಣಿಸುವ ತತ್ವ ಪ್ರಯತ್ನಿಸಿದ್ದಾರೆ: ಕೆನಡಾದ ಸಸ್ಕಾಚೆವಾನ್ ವಿಶ್ವವಿದ್ಯಾಲಯದವರು ಒದ್ದೆ ಮರದ ಹೊಟ್ಟನ್ನು ಗಾಳಿಯಲ್ಲೇ ಕುಣಿಸಿ ನೋಡಿದರು. ಒದ್ದೆ ಹೊಟ್ಟು ಅಂಟಿಕೊಳ್ಳುತ್ತೆ, ಗಾಳಿ ಅದನ್ನು ಎತ್ತೋದು ಸುಲಭ ಇಲ್ಲ. ಆ ದಾರಿ ಪ್ರಯೋಗಾಲಯ ದಾಟಿ ದೊಡ್ಡದಾಗಿ ಹೊರಬಂದಿಲ್ಲ.

ಅಂದರೆ ಈ ಯಂತ್ರಕ್ಕೆ ಬೇಕಾಗಿದ್ದದ್ದು ಆಮ್ಲಜನಕ ಬೇಡದ ಒಂದು ಕೆಲಸ. ಪರ್‌ಕ್ಲೋರೇಟ್ ಅಂಥ ಕೆಲಸ.

ಉಸಿರಾಟ ಅಂದರೆ ನಮಗೆ ಆಮ್ಲಜನಕ. ಕೆಲವು ಬ್ಯಾಕ್ಟೀರಿಯಾಗಳು ಆಮ್ಲಜನಕ ಇಲ್ಲದಿದ್ದರೆ ನೈಟ್ರೇಟನ್ನು ಉಸಿರಾಡ್ತವೆ. ಅದೂ ಮುಗಿದರೆ ಕೆಲವಕ್ಕೆ ಪರ್‌ಕ್ಲೋರೇಟೂ ಆಗುತ್ತೆ. ಜಾನ್ ಕೋಟ್ಸ್ ಮತ್ತು ಜೊತೆಗಾರರು 1999ರಲ್ಲಿ ತೋರಿಸಿದಂತೆ ಇವು ಎಲ್ಲೋ ಅಪರೂಪಕ್ಕೆ ಸಿಗುವ ಜೀವಿಗಳಲ್ಲ. ಕೆರೆಯ ಕೆಸರು, ಮಣ್ಣು, ಕೊಳಚೆ, ಹುಡುಕಿದಲ್ಲೆಲ್ಲ ಸಿಗ್ತವೆ. ನಾಲ್ಕು ಆಮ್ಲಜನಕದ ಪರ್‌ಕ್ಲೋರೇಟನ್ನು ಮೂರಕ್ಕೆ, ಮೂರರಿಂದ ಎರಡಕ್ಕೆ ಇಳಿಸ್ತವೆ. ಎರಡು ಉಳಿದ ಕ್ಲೋರೈಟನ್ನು ಒಂದು ಕಿಣ್ವ ಒಡೆದು ಕ್ಲೋರೈಡ್ ಮತ್ತು ಆಮ್ಲಜನಕ ಮಾಡುತ್ತೆ. ಕ್ಲೋರೈಡ್ ಅಂದರೆ ನಮ್ಮ ಅಡುಗೆ ಉಪ್ಪಿನಲ್ಲಿರುವುದೇ. ಹುಟ್ಟಿದ ಆಮ್ಲಜನಕವನ್ನೂ ಅದೇ ಬ್ಯಾಕ್ಟೀರಿಯಾ ಅಲ್ಲೇ ಬಳಸಿಕೊಳ್ಳುತ್ತೆ. ಇಲ್ಲಿ ಕಾಲಮ್ ಬದಲಾವಣೆ ಇಲ್ಲ. ಲೆಕ್ಕ ನಿಜವಾಗಿಯೂ ಚುಕ್ತಾ.

ಮೊದಲು ದೊಡ್ಡದಾಗಿ ಮಾಡಿದ್ದು ಕ್ಯಾಲಿಫೋರ್ನಿಯಾದ ರಾಂಚೋ ಕೊರ್ಡೋವಾ ಬಳಿಯ ಏರೋಜೆಟ್ ರಾಕೆಟ್ ಕಾರ್ಖಾನೆಯ ಆವರಣದಲ್ಲಿ, 1998ರಲ್ಲಿ. ಮರಳಿನ ಬದಲು ಇದ್ದಿಲ ಕಣ, ಮೆಥನಾಲ್ ಬದಲು ಎಥನಾಲ್. ಲೀಟರಿಗೆ ಮಿಲಿಗ್ರಾಂಗಳ ಲೆಕ್ಕದಲ್ಲಿದ್ದ ಪರ್‌ಕ್ಲೋರೇಟ್ 4 ಪಿಪಿಬಿಗಿಂತ ಕೆಳಗೆ, ಅಂದರೆ ಆಗಿನ ಪರೀಕ್ಷೆಗೆ ಕಾಣದಷ್ಟು ಇಳಿಯಿತು. ಹೆಂಡರ್ಸನ್‌ಗೆ ಬಂದದ್ದು 2004ರಲ್ಲಿ, ರಾಳದ ಜಾಗಕ್ಕೆ. ಬಾವಿಗಳ ಸಾಲಿನಿಂದ ಅಂತರ್ಜಲ ಎತ್ತಿ, ಎಥನಾಲ್ ಬೆರೆಸಿ, ರಿಯಾಕ್ಟರುಗಳಲ್ಲಿ ಹಾಯಿಸಿ ಹಳ್ಳಕ್ಕೆ ಬಿಡ್ತಾರೆ. 1999ರಿಂದ ಈಚೆಗೆ ಲಾಸ್ ವೇಗಸ್ ವಾಷ್‌ಗೆ ಸೇರುವ ಪರ್‌ಕ್ಲೋರೇಟ್ ಶೇ 90ಕ್ಕಿಂತ ಹೆಚ್ಚು ಕಡಿಮೆಯಾಗಿದೆ. ಮೀಡ್ ಸರೋವರಕ್ಕೆ ಸೇರುವ ಹಳ್ಳದಲ್ಲಿ ಆಗಿರುವ ಬದಲಾವಣೆ ಇದು. ಇದರಲ್ಲಿ ರಾಳಕ್ಕೂ ಪಾಲಿದೆ, ಮರಳಿಗೂ ಪಾಲಿದೆ.

ಈಗ ಬಿಲ್ಲು.

ಬಾವಿ, ಪಂಪು, ಎಥನಾಲ್, ಕರೆಂಟು, ಸಂಬಳ. ಇದು ಒಂದು ಸಲ ಕಟ್ಟಿ ಮುಗಿಸುವ ಖರ್ಚಲ್ಲ. ನೆಲದೊಳಗೆ ಉಪ್ಪು ಇರುವಷ್ಟು ವರ್ಷ, ದಶಕಗಳು, ಓಡಬೇಕು. ಕೆರ್-ಮೆಗೀಗೆ ಇದು ಗೊತ್ತಿತ್ತು. ಹೆಂಡರ್ಸನ್ ಒಂದೇ ಅಲ್ಲ, ದೇಶದ ತುಂಬ ಇಂಥ ಹಳೆಯ ಜಾಗಗಳಿದ್ದವು, ನವಾಹೋ ಜನರ ನೆಲದ ಯುರೇನಿಯಂ ಗಣಿಗಳು ಸೇರಿ. ಇನ್ನೊಂದು ಕಡೆ ಒಳ್ಳೆಯ ಲಾಭದ ತೈಲ ಮತ್ತು ಅನಿಲದ ಆಸ್ತಿ ಇತ್ತು. ಕಂಪನಿ ಏನು ಮಾಡಿತು? ತನ್ನ ರಾಸಾಯನಿಕ ವ್ಯಾಪಾರವನ್ನು ಟ್ರೋನಾಕ್ಸ್ ಅನ್ನೋ ಬೇರೆ ಕಂಪನಿ ಮಾಡಿ, 2005ರ ನವೆಂಬರಿನಲ್ಲಿ ಅದರ ಷೇರು ಮಾರಾಟಕ್ಕೆ ಬಿಟ್ಟಿತು, 2006ರ ಮಾರ್ಚಿಗೆ ಪೂರ್ತಿ ಕೈತೊಳೆದುಕೊಂಡಿತು. ಹಳೆಯ ಮಾಲಿನ್ಯದ ಹೊಣೆಯೆಲ್ಲ ಟ್ರೋನಾಕ್ಸ್ ತಲೆಗೆ. ತೈಲದ ಆಸ್ತಿ ಮಾತ್ರ ಶುದ್ಧವಾಗಿ ಕೆರ್-ಮೆಗೀ ಬಳಿ. ಕೆಲವೇ ತಿಂಗಳಲ್ಲಿ, 2006ರ ಆಗಸ್ಟಿನಲ್ಲಿ, ಅನಡಾರ್ಕೋ ಅನ್ನೋ ಕಂಪನಿ ಆ ಕೆರ್-ಮೆಗೀಯನ್ನು 1,600 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೊಂಡಿತು.

ಕೂಡುಕುಟುಂಬದ ಪಾಲು ನೋಡಿದವರಿಗೆ ಇದು ಹೊಸದಲ್ಲ. ಗದ್ದೆ, ತೋಟ ಅಣ್ಣನಿಗೆ. ಅಪ್ಪನ ಸಾಲದ ಪತ್ರಗಳು ತಮ್ಮನಿಗೆ. ಕಾಗದದ ಮೇಲೆ ಎಲ್ಲ ಸರಿ. ಸಾಲ ಕೊಟ್ಟವನು ತಮ್ಮನ ಬಾಗಿಲಿಗೆ ಬಂದಾಗ ಅಲ್ಲಿ ಏನೂ ಇರಲ್ಲ.

ಟ್ರೋನಾಕ್ಸ್ 2009ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ನೆವಾಡಾದ ಜಾಗ 2011ರಲ್ಲಿ ಒಂದು ಟ್ರಸ್ಟಿನ ಕೈಗೆ ಬಂತು, ನೆವಾಡಾ ಎನ್ವಿರಾನ್‌ಮೆಂಟಲ್ ರೆಸ್ಪಾನ್ಸ್ ಟ್ರಸ್ಟ್ ಅಂತ. ಇತ್ತ ಅಮೆರಿಕ ಸರ್ಕಾರ ಮತ್ತು ಟ್ರೋನಾಕ್ಸ್‌ನ ಸಾಲಗಾರರ ಪರವಾದ ಟ್ರಸ್ಟ್ ನ್ಯೂಯಾರ್ಕಿನ ದಿವಾಳಿ ಕೋರ್ಟಿನಲ್ಲಿ ಕೇಸು ನಡೆಸಿದವು. ವಾದ ಸರಳ: ಈ ಪಾಲು ಮಾಡಿದ್ದೇ ಸಾಲಗಾರರನ್ನು ವಂಚಿಸೋಕೆ. 2013ರ ಡಿಸೆಂಬರಿನಲ್ಲಿ ನ್ಯಾಯಾಧೀಶ ಅಲನ್ ಗ್ರಾಪರ್ ಹೌದು ಅಂದರು. 2014ರ ಏಪ್ರಿಲ್‌ನಲ್ಲಿ ಅನಡಾರ್ಕೋ 515 ಕೋಟಿ ಡಾಲರ್ ಕೊಡೋಕೆ ಒಪ್ಪಿತು. ಅದರಲ್ಲಿ ಸುಮಾರು 440 ಕೋಟಿ ಪರಿಸರ ಶುದ್ಧೀಕರಣಕ್ಕೆ, ಅದರೊಳಗೆ ಸುಮಾರು 110 ಕೋಟಿ ನೆವಾಡಾ ಟ್ರಸ್ಟಿಗೆ. ನವಾಹೋ ಗಣಿಗಳಿಗೂ ಸುಮಾರು 100 ಕೋಟಿ.

ಬಿಕಾಂನಲ್ಲಿ ನಮಗೆ ಕಂಟಿಂಜೆಂಟ್ ಲಯಬಿಲಿಟಿ ಅಂತ ಒಂದು ಪಾಠ ಇತ್ತು. ಬರಬಹುದು, ಬರದೆಯೂ ಇರಬಹುದು ಅನ್ನೋ ಹೊಣೆ. ಬ್ಯಾಲೆನ್ಸ್ ಶೀಟಿನ ಒಳಗೆ ಬರೆಯಲ್ಲ, ಕೆಳಗೆ ಟಿಪ್ಪಣಿಯಲ್ಲಿ ಬರೀತಾರೆ. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ. ಆ ಟಿಪ್ಪಣಿಯ ಹಿಂದೆ ಒಂದು ನದಿ ಇರಬಹುದು ಅಂತ ಪಾಠದಲ್ಲಿ ಹೇಳಿರಲಿಲ್ಲ. ಹೆಂಡರ್ಸನ್ ಕಥೆಯಲ್ಲಿ ನನಗೆ ಬ್ಯಾಕ್ಟೀರಿಯಾಗಿಂತ ದೊಡ್ಡ ಸಾಧನೆ ಅನ್ನಿಸೋದು ಈ ತೀರ್ಪು. ಮರಳು ಕುಣಿಸೋ ತಂತ್ರ 1974ರಿಂದ ಇತ್ತು. ಅದಕ್ಕೆ ದುಡ್ಡು ಕೊಡಿಸೋಕೆ ಇನ್ನೂ 40 ವರ್ಷ ಬೇಕಾಯಿತು.

ಕಾನೂನು ಇನ್ನೂ ನಿಧಾನ. ಮ್ಯಾಸಚೂಸೆಟ್ಸ್ 2006ರಲ್ಲಿ ಕುಡಿಯುವ ನೀರಿಗೆ 2 ಪಿಪಿಬಿ ಮಿತಿ ಹಾಕಿತು, ಕ್ಯಾಲಿಫೋರ್ನಿಯಾ 2007ರಲ್ಲಿ 6. ಇಡೀ ದೇಶಕ್ಕೆ ಮಿತಿ ಹಾಕ್ತೀವಿ ಅಂತ ಅಲ್ಲಿನ ಪರಿಸರ ಸಂಸ್ಥೆ ಇಪಿಎ 2011ರಲ್ಲಿ ಹೇಳಿತು, 2020ರಲ್ಲಿ ಬೇಡ ಅಂತ ಹಿಂದೆ ಸರಿಯಿತು, 2023ರಲ್ಲಿ ಕೋರ್ಟು ಹಾಗೆ ಹಿಂದೆ ಸರಿಯೋ ಹಾಗಿಲ್ಲ ಅಂತು. ಇದರ ಮಧ್ಯೆ ಕ್ಯಾಲಿಫೋರ್ನಿಯಾದ ರಿಯಾಲ್ಟೋ ಊರಿನಲ್ಲಿ, ಪಟಾಕಿ ಮತ್ತು ಮದ್ದುಗುಂಡಿನ ದಾಸ್ತಾನಿನಿಂದ ಕೆಟ್ಟ ಬಾವಿಗಳ ನೀರನ್ನು ಇದೇ ರಿಯಾಕ್ಟರಿನಲ್ಲಿ ಹಾಯಿಸಿ ನೇರವಾಗಿ ನಲ್ಲಿಗೇ ಬಿಡೋಕೆ ಶುರು ಮಾಡಿದರು. ಬ್ಯಾಕ್ಟೀರಿಯಾ ಬೆಳೆಸಿದ ಕೊಳವೆಯಿಂದ ಕುಡಿಯೋ ನೀರಾ ಅಂತ ಮೂಗು ಮುರಿಯೋರು ಇರ್ತಾರೆ. ರಿಯಾಕ್ಟರಿನ ನಂತರ ಸೋಸಿ, ಸೋಂಕು ನಿವಾರಿಸಿಯೇ ಬಿಡೋದು.

ಪಟಾಕಿ ಅಂದ ಮೇಲೆ ನಮ್ಮ ಕಡೆಗೆ ಬರಲೇಬೇಕು. ಪಟಾಕಿಯಲ್ಲೂ ಪರ್‌ಕ್ಲೋರೇಟ್ ಬಳಕೆ ಇದೆ. ಶಿವಕಾಶಿಯ ಪಟಾಕಿ ಕಾರ್ಖಾನೆಗಳ ಸುತ್ತಲಿನ ಅಂತರ್ಜಲದಲ್ಲಿ ಅದು ಇರೋದನ್ನು ಸಂಶೋಧಕರು ಅಳೆದು ಪ್ರಕಟಿಸಿದ್ದಾರೆ. ಕೇರಳದ ಆಲುವಾದಲ್ಲಿ ಇಸ್ರೋಗೆ ಅಮೋನಿಯಂ ಪರ್‌ಕ್ಲೋರೇಟ್ ಮಾಡುವ ಘಟಕ ಇದೆ. ಅದರ ಆಸುಪಾಸಿನ ಬಾವಿಗಳ ನೀರಿನಲ್ಲಿ ಪರ್‌ಕ್ಲೋರೇಟ್ ಕಂಡದ್ದನ್ನು ವರದಿ ಮಾಡಿದವರು ತಿರುವನಂತಪುರದ ಎನ್‌ಐಐಎಸ್‌ಟಿಯ ವಿಜ್ಞಾನಿಗಳು. ಕೇರಳದಲ್ಲಿ ಮನೆಗೊಂದು ಬಾವಿ ಅನ್ನೋದು ನಿಮಗೆ ಗೊತ್ತು. ಅಂದರೆ ಇದು ಯಾವುದೋ ದೂರದ ಹಳ್ಳದ ಮಾತಲ್ಲ, ಹಿತ್ತಲ ರಾಟೆಯ ಮಾತು.

ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ಐಎಸ್ 10500. 2012ರಲ್ಲಿ ಪರಿಷ್ಕರಿಸಿದ ಅದರ ಪಟ್ಟಿಯಲ್ಲಿ ಆರ್ಸೆನಿಕ್ ಇದೆ, ಫ್ಲೋರೈಡ್ ಇದೆ, ನೈಟ್ರೇಟ್ ಇದೆ, ಕೀಟನಾಶಕಗಳ ಉದ್ದ ಸಾಲಿದೆ. ಪರ್‌ಕ್ಲೋರೇಟ್ ಇಲ್ಲ. ನೀವು ನಿಮ್ಮ ಬಾವಿ ನೀರನ್ನು ಮಾಮೂಲಿ ಲ್ಯಾಬಿಗೆ ಕೊಟ್ಟರೆ ಅವರು ಈ ಪಟ್ಟಿ ನೋಡಿಯೇ ಪರೀಕ್ಷೆ ಮಾಡೋದು. ಪರ್‌ಕ್ಲೋರೇಟ್ ಬೇಕು ಅಂದರೆ ಹೆಸರಿಟ್ಟು ಕೇಳಬೇಕು, ಅಯಾನ್ ಕ್ರೊಮಟೋಗ್ರಾಫ್ ಇರೋ ಲ್ಯಾಬೇ ಆಗಬೇಕು. ಪಟಾಕಿ ಗೋದಾಮು, ಗಣಿ ಸ್ಫೋಟಕದ ದಾಸ್ತಾನು ಹತ್ತಿರ ಇರೋ ಕೇಳುಗರಿಗೆ ಈ ಎರಡು ಸಾಲು.

ಈ ಕಂತು ಇಷ್ಟೇ. ಮುಂದಿನ ವಾರ ಇನ್ನೊಂದು ಬಿಲ್ಲಿನ ಕಥೆ ತರ್ತೀನಿ.